2001ರ ಲೆಯೋವಿಲ್ ಬಾರ್ಟನ್ ತೆಗೆದ ರಾತ್ರಿ

ಜನವರಿ 18, 2025, ಶನಿವಾರ
ಬೋರ್ಡೋ

ಇವತ್ತು ರಾತ್ರಿ ಊಟಕ್ಕೆ ಶಾಟೋ ಲೆಯೋವಿಲ್ ಬಾರ್ಟನ್ 2001 ತೆಗೆದೆವು, ಅಂದರೆ ಆ ತೋಟದ 2001ರ ದ್ರಾಕ್ಷಿಯಿಂದ ಮಾಡಿದ ಕೆಂಪು ವೈನ್. ಎಷ್ಟು ಚೆನ್ನಾಗಿತ್ತು ಅಂದರೆ, ಊಟದ ಮೇಜು ಒರೆಸುವುದನ್ನೂ ಬಿಟ್ಟು ಬರೆಯಲು ಕೂತಿದ್ದೇನೆ. ನಾಳೆಗೆ ಇಟ್ಟರೆ ರುಚಿಯ ಅರ್ಧ ವಿವರ ಮರೆತುಹೋಗುತ್ತದೆ.

ಈ ವೈನಿನ ತೋಟ ನಮಗೆ ದೂರವೇನಲ್ಲ. ಫ್ರಾನ್ಸಿನ ಈ ಬೋರ್ಡೋ ಊರು ದಾಟಿ ಉತ್ತರಕ್ಕೆ, ಜಿರಾಂಡ್ ನದಿಯ ಎಡದಂಡೆಗೆ ಹೋದರೆ ಮೆಡಾಕ್ ಸೀಮೆ, ಅದರ ನಡುವೆ ಸೇಂಟ್ ಜೂಲಿಯನ್ ಅನ್ನುವ ಪುಟ್ಟ ಊರು. ನೆಲ ನೋಡಿದರೆ ಬರೀ ಗರಸು, ಉರುಟು ಬೆಣಚುಕಲ್ಲು. ನಮ್ಮ ಕಡೆಯವರು ನೋಡಿದರೆ ಇಲ್ಲಿ ಏನು ಬೆಳೆಯೋಕಾಗುತ್ತೆ ಅಂತಾರೆ. ಆದರೆ ಈ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಹಗಲಿನ ಕಾವು ಕಲ್ಲಿನಲ್ಲಿ ಉಳಿಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯಾನ್ ದ್ರಾಕ್ಷಿಗೆ ಬೇಕಾದದ್ದೇ ಅದು. ಈ ವೈನಿನಲ್ಲಿ ಹೆಚ್ಚಿನ ಪಾಲು ಅದರದ್ದೇ, ಜೊತೆಗೆ ಮೆರ್ಲೋ, ಸ್ವಲ್ಪ ಕ್ಯಾಬರ್ನೆ ಫ್ರಾಂಕ್.

ಐರಿಶ್ ಮೂಲದ ಹ್ಯೂ ಬಾರ್ಟನ್ ಹಳೆಯ ಲೆಯೋವಿಲ್ ಎಸ್ಟೇಟಿನ ಒಂದು ಪಾಲನ್ನು ಕೊಂಡದ್ದು 1826ರಲ್ಲಿ. ಇವತ್ತಿಗೂ ತೋಟ ಅದೇ ಮನೆತನದ ಕೈಯಲ್ಲಿದೆ. 1855ರ ಪ್ಯಾರಿಸ್ ಪ್ರದರ್ಶನಕ್ಕೆಂದು ಮಾಡಿದ ಬೋರ್ಡೋ ವೈನುಗಳ ದರ್ಜೆಪಟ್ಟಿಯಲ್ಲಿ ಇದಕ್ಕೆ ಎರಡನೇ ದರ್ಜೆ ಸಿಕ್ಕಿತು. ಹೆಸರಿನಲ್ಲಿ ಶಾಟೋ ಅಂತ ಇದ್ದರೂ ಇದಕ್ಕೆ ಸ್ವಂತ ಬಂಗಲೆಯೇ ಇಲ್ಲ. ಅದೇ ಮನೆತನದ ಲಾಂಗೋವಾ ಬಾರ್ಟನ್ ಅನ್ನುವ ಇನ್ನೊಂದು ತೋಟದಲ್ಲೇ ಇದೂ ತಯಾರಾಗುತ್ತದೆ. ಈ ತೋಟ ನಡೆಸುತ್ತಿದ್ದ, 2022ರಲ್ಲಿ ತೀರಿಕೊಂಡ ಆಂಟನಿ ಬಾರ್ಟನ್ ಅವರ ಬಗ್ಗೆ ನನಗೆ ತುಂಬಾ ಗೌರವ. ಸುತ್ತಲಿನವರು ಬೆಲೆ ಏರಿಸುತ್ತಾ ಹೋದಾಗ ಅವರು ಬೆಲೆಯನ್ನು ಹಿಡಿದಿಟ್ಟರು. ಕುಡಿಯುವವರ ಕೈಗೆ ಸಿಗಬೇಕು ಅನ್ನುವ ಆ ನಿಲುವಿನಿಂದಲೇ ಸಂಬಳದಲ್ಲಿ ಬದುಕುವ ನಮ್ಮಂಥವರ ಮನೆಗೂ ಈ ಬಾಟಲಿ ಬಂತು.

2001 ಅಂದರೆ ಇಲ್ಲಿ ಜನ ಅಷ್ಟೇನೂ ಕಣ್ಣರಳಿಸುವುದಿಲ್ಲ. ಅದರ ಹಿಂದಿನ 2000ಕ್ಕೆ ಭಾರೀ ಹೆಸರು ಬಂತು. ಆ ಗಲಾಟೆಯಲ್ಲಿ 2001 ಮೂಲೆಗೆ ಸರಿಯಿತು. ಸೆಪ್ಟೆಂಬರ್ ತಂಪಾಗಿತ್ತು, ವೈನ್ ಅಷ್ಟು ದಪ್ಪ ಬರಲಿಲ್ಲ. ನನ್ನನ್ನು ಕೇಳಿದರೆ ಮನೆಯಲ್ಲಿ ಇಟ್ಟು ಕುಡಿಯುವವರಿಗೆ ಇಂಥ ವರ್ಷಗಳೇ ಒಳ್ಳೆಯವು. ಬೆಲೆಯೂ ಕಡಿಮೆ, ಬೇಗ ಪಕ್ವಕ್ಕೂ ಬರುತ್ತವೆ.

ಬಾಟಲಿಗಳನ್ನು ಇಟ್ಟದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ. ಸುಣ್ಣಕಲ್ಲಿನ ಗೋಡೆ, ಬೆಳಕಿಲ್ಲ, ಬೇಸಿಗೆಯಲ್ಲೂ ತಣ್ಣಗೆ. ಕಾರ್ಕ್ ಒಣಗದ ಹಾಗೆ ಬಾಟಲಿ ಮಲಗಿಸಿ ಇಡಬೇಕು. ಗಾಳಿಯಲ್ಲಿ ಸ್ವಲ್ಪ ತೇವವೂ ಬೇಕು. ಆ ತೇವಕ್ಕೆ ಲೇಬಲ್ ಮೇಲೆ ಬೂಷ್ಟು ಹಿಡಿದಿತ್ತು. ವೈನ್ ಮಟ್ಟ ಮಾತ್ರ ಇನ್ನೂ ಕತ್ತಿನಲ್ಲೇ ಇತ್ತು. ಹಳೇ ಬಾಟಲಿಯಲ್ಲಿ ನಾನು ಮೊದಲು ನೋಡುವುದು ಅದನ್ನೇ. ಮಟ್ಟ ಹೆಗಲಿಗಿಂತ ಕೆಳಗೆ ಇಳಿದಿದ್ದರೆ ಗಾಳಿ ಜಾಸ್ತಿ ಒಳಗೆ ಹೋಗಿದೆ ಅಂತ ಅರ್ಥ.

ಗುರುವಾರವೇ ಮೇಲೆ ತಂದು ನೆಟ್ಟಗೆ ನಿಲ್ಲಿಸಿದ್ದೆ, ಗಸಿ ತಳಕ್ಕೆ ಇಳಿಯಲಿ ಅಂತ. ಹಳೇ ಕಾರ್ಕಿಗೆ ಸುರುಳಿ ಚುಚ್ಚಿದರೆ ಪುಡಿಯಾಗುತ್ತದೆ. ಹಾಗಾಗಿ ಎರಡು ತೆಳು ತಗಡಿನ ಓಪನರ್ ತೆಗೆದುಕೊಂಡು, ಕಾರ್ಕಿನ ಎರಡೂ ಪಕ್ಕದಲ್ಲಿ ತಗಡನ್ನು ಇಳಿಸಿ, ನಿಧಾನಕ್ಕೆ ತಿರುಗಿಸುತ್ತಾ ಮೇಲೆ ಎಳೆದೆ. ಕಾರ್ಕ್ ಇಡಿಯಾಗಿ ಬಂತು. ತಳಭಾಗ ಕಪ್ಪಾಗಿ ನೆನೆದಿತ್ತು, ಮೇಲಿನ ಅರ್ಧ ಒಣಗಿಯೇ ಇತ್ತು. ಬಾಟಲಿ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿ ಅಂತ ಬಾಮೈದನಿಗೆ ಹೇಳಿ ಗಾಜಿನ ಹೂಜಿಗೆ ಬಗ್ಗಿಸಿದೆ. ಕೊನೆಗೆ ಕಪ್ಪು ಗಸಿಯ ಎಳೆ ಭುಜದಿಂದ ಕತ್ತಿಗೆ ಹರಿದು ಬರುವುದು ಕಂಡಾಗ ನಿಲ್ಲಿಸಿದೆ.

ಬಣ್ಣ ನಡುವೆ ಗಾಢ ಕೆಂಪು, ಅಂಚಿನಲ್ಲಿ ಮಾಸಿದ ಇಟ್ಟಿಗೆ. ಬಾಮೈದ ಪಿರಿಯಾಪಟ್ಟಣದ ಕಡೆಯವನು, ರಜಕ್ಕೆ ಬಂದಿದ್ದಾನೆ. ವೈನ್ ಅಭ್ಯಾಸ ಇಲ್ಲ. ಗ್ಲಾಸು ಮೂಗಿಗೆ ಹಿಡಿದವನೇ, "ಭಾವ, ಇದು ನಮ್ಮ ಬ್ಯಾರನ್ ವಾಸನೆ ಅಲ್ವಾ?" ಅಂದ. ನನಗೆ ಮೈ ಜುಂ ಅಂದಿತು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಬಾಗಿಲು ತೆಗೆದಾಗ ಬರುವ ಆ ಸಿಹಿಗಂಪು ಅವನಿಗೆ ಹುಟ್ಟಿನಿಂದ ಗೊತ್ತು. ಮಾಗಿದ ಮೆಡಾಕ್ ವೈನಿನ ಬಗ್ಗೆ ಬರೆಯುವವರೆಲ್ಲ ತಂಬಾಕು, ದೇವದಾರು ಮರ ಅಂತಲೇ ಬರೆಯುತ್ತಾರೆ. ಅವರು ಬರೆದದ್ದನ್ನು ಒಂದು ಸಾಲೂ ಓದದೆ ಅವನು ನೇರವಾಗಿ ಅಲ್ಲಿಗೇ ಬಂದ. ಆಮೇಲೆ ನನ್ನ ಹೆಂಡತಿ, "ಮಳೆ ಬಿದ್ದ ಮೇಲೆ ಕಾಡಿನಲ್ಲಿ ಕೊಳೆತ ಎಲೆ" ಅಂದಳು. ಅದೂ ಇತ್ತು. ಅದರ ಕೆಳಗೆ ಒಣಗಿದ ಕಪ್ಪು ಹಣ್ಣು.

ಬಾಯಿಗೆ ಹಾಕಿಕೊಂಡಾಗ ಮೊದಲು ಕಂಡದ್ದು ಒಗರು ಹೇಗೆ ಕರಗಿದೆ ಅನ್ನುವುದು. ಕೊಂಡ ಹೊಸದರಲ್ಲಿ, ಹೇಗಿರುತ್ತೆ ನೋಡೋಣ ಅಂತ ಒಂದು ಬಾಟಲಿ ತೆಗೆದಿದ್ದೆವು. ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ಬಾಯೆಲ್ಲ ಹಿಡಿದುಕೊಂಡಿತ್ತು. ದ್ರಾಕ್ಷಿ ಸಿಪ್ಪೆ, ಬೀಜ, ಓಕ್ ಪೀಪಾಯಿಗಳಿಂದ ಬರುವ ಆ ಒಗರಿನ ಕಣಗಳು ವರ್ಷಗಟ್ಟಲೆ ಒಂದಕ್ಕೊಂದು, ಬಣ್ಣದ ಕಣಗಳಿಗೂ ಸೇರಿಕೊಳ್ಳುತ್ತಾ ದೊಡ್ಡದಾಗುತ್ತವೆ. ಭಾರವಾದವು ತಳಕ್ಕೆ ಇಳಿಯುತ್ತವೆ. ಬಾಟಲಿಯಲ್ಲಿ ಉಳಿಸಿದ ಗಸಿ ಅದೇ. ಬಣ್ಣ ಮಾಸುವುದೂ ಒಗರು ಮೆತ್ತಗಾಗುವುದೂ ಜೊತೆಜೊತೆಗೆ ನಡೆಯುತ್ತದೆ. ಇವತ್ತು ನಾಲಿಗೆ ಮೇಲೆ ಉಳಿದದ್ದು ನುಣುಪು, ತೆಳು ಹುಳಿ, ನುಂಗಿದ ಮೇಲೂ ಹೋಗದ ಒಂದು ಸಿಹಿ. ಅದು ಸಕ್ಕರೆಯ ಸಿಹಿಯಲ್ಲ, ಈ ವೈನಿನಲ್ಲಿ ಸಕ್ಕರೆ ಇಲ್ಲವೇ ಇಲ್ಲ ಅನ್ನಬಹುದು.

ಎಲ್ಲ ವೈನೂ ಹೀಗೆ ಕಾಯಲಿಕ್ಕೆ ಅಲ್ಲ. ಬೋರ್ಡೋದಲ್ಲೇ ಬಹುಪಾಲು ವೈನ್ ನಾಲ್ಕೈದು ವರ್ಷದೊಳಗೆ ಕುಡಿಯಲಿ ಅಂತ ಮಾಡಿದ್ದು. ಅವನ್ನು ಸುಮ್ನೆ ಇಟ್ಟರೆ ಹಣ್ಣಿನ ರುಚಿ ಹೋಗುತ್ತದೆ, ಬದಲಿಗೆ ಬೇರೇನೂ ಬರುವುದಿಲ್ಲ. ಕಾಯಲು ಒಗರೂ ಹುಳಿಯೂ ಮೊದಲೇ ಗಟ್ಟಿಯಾಗಿ ಇರಬೇಕು.

ಊಟಕ್ಕೆ ಪೋಯಾಕ್ ಕಡೆಯ ಎಳೆ ಕುರಿಯ ತೊಡೆ. ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಕಾಳುಮೆಣಸು, ಜೊತೆಗೆ ಬೇಯಿಸಿದ ಆಲೂಗಡ್ಡೆ. ಖಾರ ಬೇಡ ಅಂತ ನಾನೇ ಹಟ ಹಿಡಿದೆ. ಮೆಣಸಿನಕಾಯಿ ಖಾರ ಬಿದ್ದರೆ ಇಷ್ಟು ಮೆದುವಾದ ವೈನಿನ ರುಚಿಯೇ ಗೊತ್ತಾಗುವುದಿಲ್ಲ. ಬಾಮೈದ ಉಪ್ಪಿನಕಾಯಿ ಕೇಳಿದ, ಅವನ ಅಕ್ಕ "ಊಟ ಆದಮೇಲೆ ತಿನ್ನು" ಅಂದಳು.

ಹೂಜಿಗೆ ಬಗ್ಗಿಸಿದ ಕೂಡಲೇ ಕುಡಿಯಲು ಶುರುಮಾಡಿದ್ದು ಒಳ್ಳೆಯದಾಯಿತು. ಹೊಸ ವೈನಿಗೆ ಗಂಟೆಗಟ್ಟಲೆ ಗಾಳಿ ಬೇಕು, ಹಳೆಯದಕ್ಕೆ ಗಸಿ ಬೇರೆ ಮಾಡಿದರೆ ಸಾಕು. ಅರ್ಧ ಗಂಟೆ ಆಗುವ ಹೊತ್ತಿಗೆ ತಂಬಾಕಿನ ಗಂಪು ಇನ್ನೂ ಬಿಚ್ಚಿಕೊಂಡಿತು, ಹಣ್ಣು ಮುಂದೆ ಬಂತು. ಚೀಸ್ ತಿನ್ನುವ ಹೊತ್ತಿಗೆ ಹುಳಿ ಸ್ವಲ್ಪ ಎದ್ದು ಕಾಣುತ್ತಿತ್ತು. ಅಂದರೆ ಈಗ ಪಕ್ವತೆಯ ತುದಿಯಲ್ಲಿದೆ, ಇನ್ನು ಜಾಸ್ತಿ ವರ್ಷ ಇಡುವುದರಲ್ಲಿ ಅರ್ಥವಿಲ್ಲ. ಕೆಳಗೆ ಉಳಿದಿರುವ 2001 ಬಾಟಲಿಗಳನ್ನು ಈ ವರ್ಷ, ಮುಂದಿನ ವರ್ಷದೊಳಗೆ ಮುಗಿಸುತ್ತೇವೆ. ಒಂದು ಬಾಟಲಿ ನಮ್ಮ ಮಾವನಿಗೆ ಅಂತ ಎತ್ತಿಟ್ಟಿದ್ದೇನೆ. ಅವರ ಆಯಸ್ಸೆಲ್ಲ ಬ್ಯಾರನ್ ಮುಂದೆಯೇ ಕಳೆದಿದೆ. ಮೇ ತಿಂಗಳಲ್ಲಿ ಬರುತ್ತಾರೆ, ಅವರೂ ಒಮ್ಮೆ ಮೂಸಿ ನೋಡಲಿ.