ವಾರ್ಡಿನ ಉಳಿದ 21 ಗಂಟೆ

ಬೆನ್ನುಹುರಿಗೆ ಪೆಟ್ಟಾದವರ ರಿಹ್ಯಾಬ್ ವಾರ್ಡಿನಲ್ಲಿ ನಾನು ನರ್ಸ್. ಅಡಿಕೆ ಮರದಿಂದ ಬಿದ್ದವರು, ಕಟ್ಟಡದ ಸಾರುವೆಯಿಂದ ಜಾರಿದವರು, ಬೈಕ್ ಅಪಘಾತದವರು ಬರುತ್ತಾರೆ. ಅಷ್ಟರಲ್ಲಿ ಆಪರೇಷನ್ ಮುಗಿದು ಬೆನ್ನಿಗೆ ರಾಡು, ಸ್ಕ್ರೂ ಕೂತಿರುತ್ತವೆ. ಮನೆಯವರು ಕೇಳುವುದು ಒಂದೇ: "ಸಿಸ್ಟರ್, ಎಷ್ಟು ದಿನ ಫಿಸಿಯೋಥೆರಪಿ ಮಾಡಿಸಿದ್ರೆ ನಡೀತಾರೆ?"

ರಾಡು ಮೂಳೆಯನ್ನು ಹಿಡಿದಿಡುತ್ತದೆ, ನರವನ್ನು ಕೂಡಿಸುವುದಿಲ್ಲ. ಡಾಕ್ಟರ್ ಇದನ್ನು ಹೇಳಿರುತ್ತಾರೆ, ಆದರೆ ಆ ಹೊತ್ತಿನಲ್ಲಿ ಯಾರ ತಲೆಗೂ ಹೋಗಿರುವುದಿಲ್ಲ. ನಾನು ವಾದಕ್ಕೆ ಇಳಿಯುವುದಿಲ್ಲ. ಥೆರಪಿ ಹಾಲ್‌ನಲ್ಲಿ ಕಳೆಯುವುದು ದಿನಕ್ಕೆ ಹೆಚ್ಚೆಂದರೆ 3 ಗಂಟೆ. ಉಳಿದ 21 ಗಂಟೆ ನಮ್ಮದು. ಮನೆಗೆ ಹೋದವರು ಮತ್ತೆ ಆಸ್ಪತ್ರೆಗೆ ಬರುವುದನ್ನು ನಾನು ಕಂಡಿರುವುದು ಜಾಸ್ತಿ ಎರಡು ಕಾರಣಕ್ಕೆ: ಚರ್ಮದ ಹುಣ್ಣು, ಇಲ್ಲವೇ ಮೂತ್ರದ ಸೋಂಕು.

ಚರ್ಮದ ವಿಷಯ ಸುಲಭ, ಆದರೆ ಬೇಸರದ್ದು. ಮಲಗಿದಾಗ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಗಾಲಿಕುರ್ಚಿಯಲ್ಲಿ 15-20 ನಿಮಿಷಕ್ಕೊಮ್ಮೆ ಕೈಯೂರಿ ಕುಂಡಿ ಎತ್ತಬೇಕು. ಬೆಳಿಗ್ಗೆ, ರಾತ್ರಿ ಕೈಗನ್ನಡಿ ಹಿಡಿದು ತಮ್ಮ ಹಿಂಭಾಗವನ್ನು ತಾವೇ ನೋಡಿಕೊಳ್ಳಬೇಕು. ಕೆಂಪಾಗಿದ್ದು ಮಾಯದಿದ್ದರೆ ಆ ಜಾಗದ ಮೇಲೆ ಭಾರ ಹಾಕುವಂತಿಲ್ಲ. ಇನ್ನು ಆ ಬಿಸಿನೀರಿನ ಚೀಲ! ಕಾಲು ತಣ್ಣಗಿದೆ ಅಂತ ಪ್ರೀತಿಯಿಂದ ಶಾಖ ಕೊಡುತ್ತಾರೆ. ಸ್ಪರ್ಶವೇ ಇಲ್ಲದ ಕಾಲು, ಸುಟ್ಟು ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ.

ಮೂತ್ರದ ಪಾಠಕ್ಕೆ ಹೆಚ್ಚು ದಿನ ಬೇಕು. ಮೂತ್ರಚೀಲ ತುಂಬಿದ್ದು ಗೊತ್ತಾಗುವುದಿಲ್ಲ, ಪೂರ್ತಿ ಖಾಲಿಯೂ ಆಗುವುದಿಲ್ಲ. ಒಳಗೆ ಒತ್ತಡ ಹೆಚ್ಚಿದರೆ ಕಿಡ್ನಿಗೇ ಏಟು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಹೆಚ್ಚಿನವರು ಸತ್ತಿದ್ದು ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಇಂಥವರಿಗೆಂದೇ ವಾರ್ಡ್ ಶುರು ಮಾಡಿದಾಗ ಪಟ್ಟು ಹಿಡಿದು ಮಾಡಿಸಿದ್ದೂ ಮಗ್ಗುಲು ಬದಲಿಸುವುದು, ಮೂತ್ರಚೀಲ ನೋಡಿಕೊಳ್ಳುವುದು ಇವನ್ನೇ.

ಈಗ ನಾವು ಕಲಿಸುವುದು 4ರಿಂದ 6 ಗಂಟೆಗೊಮ್ಮೆ ತಾವೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕಿಕೊಂಡು ಖಾಲಿ ಮಾಡಿ ತೆಗೆಯುವುದನ್ನು. ಒಂದು ಸಲಕ್ಕೆ 500 ಎಂಎಲ್ ದಾಟಬಾರದು, ಅದಕ್ಕೇ ಕುಡಿದ ನೀರು, ಹೋದ ಮೂತ್ರ ಎರಡನ್ನೂ ಬರೆದಿಡುತ್ತೇವೆ. ಗ್ಲೌಸ್, ಸ್ಟೆರೈಲ್ ಬಟ್ಟೆ ಎಲ್ಲ ಬೇಕೇನೋ ಅಂತ ಹೆದರುತ್ತಾರೆ. ಮನೆಯಲ್ಲಿ ಸೋಪು ಹಾಕಿ ಕೈ ತೊಳೆದು, ಶುಚಿಯಾಗಿ ಮಾಡಿದರೆ ಸಾಕು ಎಂದು ಅಮೆರಿಕದ ಡಾ. ಜ್ಯಾಕ್ ಲಾಪಿಡಿಸ್ 1972ರಲ್ಲೇ ತೋರಿಸಿದ್ದಾರೆ.

ಕಷ್ಟ ಇರುವುದು ನಾಚಿಕೆಯಲ್ಲಿ. ತಾಯಂದಿರು ಮುಂದೆ ಬರುತ್ತಾರೆ: "ನಾನೇ ಮಾಡ್ತೀನಿ ಬಿಡಮ್ಮ, ಹೆತ್ತವಳಿಗೇನು ನಾಚಿಕೆ?" ಮಗನಿಗೆ ಇಪ್ಪತ್ತೈದು ದಾಟಿರುತ್ತದೆ, ಕೈ ಎರಡೂ ಗಟ್ಟಿಯಾಗಿರುತ್ತವೆ. ಅಮ್ಮನನ್ನು ಕಾಫಿಗೆ ಕಳಿಸಿ, ಪರದೆ ಎಳೆದು ಅವನ ಕೈಗೇ ಕೊಡುತ್ತೇನೆ. ಅವನು ಒದ್ದಾಡುವಾಗ ಸುಮ್ನೆ ನಿಲ್ಲುವುದು ಕಷ್ಟ. ಬೇರೆ ವಾರ್ಡಿನಿಂದ ಬಂದ ನರ್ಸ್‌ಗಳಿಗಂತೂ ಇದು ಸೋಮಾರಿತನದ ಥರ ಕಾಣುತ್ತದೆ. ಅವನು ಕಲಿತರೆ ಕೆಲಸಕ್ಕೆ ಹೋಗಬಹುದು, ಮದುವೆಮನೆಗೆ ಹೋಗಬಹುದು. ಅಮ್ಮನೇ ಮಾಡುತ್ತಿದ್ದರೆ ಇಬ್ಬರೂ ಮನೆ ಬಿಟ್ಟು ಹೊರಡುವ ಹಾಗಿಲ್ಲ.

ರಾತ್ರಿ ಪಾಳಿಗೆ ಬರುವ ಹೊಸಬರಿಗೆ ನಾನು ಮೊದಲು ಹೇಳುವುದು ಬೇರೆ. ಕುತ್ತಿಗೆಗೆ ಅಥವಾ ಎದೆಯ ಮೇಲ್ಭಾಗದ ಬೆನ್ನುಹುರಿಗೆ ಪೆಟ್ಟಾದವರು ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಎಂದು ಮುಖ ಬೆವರಿದರೆ ಮಲಗಿಸಬೇಡಿ, ಎಬ್ಬಿಸಿ ಕೂರಿಸಿ. ಬಿಪಿ ಏರುತ್ತಿರುತ್ತದೆ. ಬಿಗಿ ಬಟ್ಟೆ ಸಡಿಲಿಸಿ, ಡಾಕ್ಟರನ್ನು ಕರೆಯಿರಿ, ಕ್ಯಾತಿಟರ್ ಪೈಪ್ ಎಲ್ಲಾದರೂ ಮಡಚಿಕೊಂಡಿದೆಯಾ ನೋಡಿ. ಎಷ್ಟೋ ಸಲ ಕಾರಣ ತುಂಬಿದ ಮೂತ್ರಚೀಲವೇ.

ಡಿಸ್ಚಾರ್ಜ್‌ಗೆ ಮುಂಚೆ ಒಂದು ಶನಿವಾರ, ಭಾನುವಾರ ಮನೆಗೆ ಕಳಿಸುತ್ತೇವೆ. ಸೋಮವಾರ ವಾಪಸ್ ಬಂದವರು ನಡಿಗೆಯ ಮಾತೇ ಎತ್ತುವುದಿಲ್ಲ. ಬಚ್ಚಲಮನೆ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ, ಅರ್ಧ ಅಡಿ ಹೊಸ್ತಿಲಿಗೆ ಇಳಿಜಾರು ಎಷ್ಟುದ್ದ ಬೇಕು ಅಂತ ಕೇಳುತ್ತಾರೆ. 6 ಅಡಿ ಬೇಕು ಅಂತ ಹೇಳಿ, ಬಾಗಿಲಿನ ಅಳತೆ ಬರೆದುಕೊಳ್ಳುತ್ತೇನೆ.