ದಾರಿ ಕಡಿದ ಊರಿನಲ್ಲಿ ಮೂರು ರಾತ್ರಿ

ಯೇಸುವಿನ ಸುವಾರ್ತೆ ಸಾರುವ ಪ್ರವಾಸಕ್ಕೆ ಹೊರಡುವ ಎರಡು ತಿಂಗಳ ಮೊದಲೇ ನಾನು ವೇಳಾಪಟ್ಟಿಯನ್ನು ಸಿದ್ಧಪಡಿಸಿದ್ದೆ. ಬೆಳಗಿನ ಐದೂವರೆಯ ಪ್ರಾರ್ಥನೆಯಿಂದ ರಾತ್ರಿ ಒಂಬತ್ತರ ತಂಡದ ಕೂಟದವರೆಗೆ ದೇವರು ತನ್ನ ಬದುಕಿನಲ್ಲಿ ಮಾಡಿದ್ದನ್ನು ಜನರ ಮುಂದೆ ಯಾರು ಸಾಕ್ಷಿಯಾಗಿ ಹೇಳಬೇಕು, ಯಾರು ಮಕ್ಕಳಿಗೆ ಹಾಡು ಕಲಿಸಬೇಕು, ಯಾರು ಮನೆಮನೆಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿತ್ತು. ಐದು ದಿನಗಳ ಒಂದೊಂದು ಅರ್ಧ ಗಂಟೆಗೂ ಒಂದೊಂದು ಚೌಕವಿತ್ತು. ಮಳೆಯಲ್ಲಿ ನೆನೆಯಬಾರದೆಂದು ಅದಕ್ಕೆ ಲ್ಯಾಮಿನೇಷನ್ ಕೂಡ ಮಾಡಿಸಿದ್ದೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ, ‘ದೇವರ ಚಿತ್ತವಾದರೆ’ ಎಂದು ಅಚ್ಚು ಹಾಕಿಸಿದ್ದೆ. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯ ಓದಿದವರಿಗೆ ಆ ಮಾತು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ. ಆದರೆ ಪತ್ರದ ತಲೆಗೆ ತಾರೀಖು ಹಾಕುವಷ್ಟೇ ಅಭ್ಯಾಸಬಲದಿಂದ ನಾನು ಅದನ್ನು ಬರೆಸಿದ್ದೆ.

ಹೊರಟ ದಿನವೇ ಮಧ್ಯಾಹ್ನದ ಹೊತ್ತಿಗೆ ಮುಂದಿನ ರಸ್ತೆ ಕುಸಿದಿದೆಯೆಂಬ ಸುದ್ದಿ ಬಂತು. ಮಕ್ಕಳಿಗಾಗಿ ತಂದಿದ್ದ ಪುಸ್ತಕ, ಬಣ್ಣ, ಬೊಂಬೆಗಳ ಪೆಟ್ಟಿಗೆಗಳಿದ್ದ ಎರಡನೆಯ ವಾಹನ ಅಲ್ಲಿಂದಲೇ ಹಿಂದಕ್ಕೆ ತಿರುಗಿತು. ನಾವು ಸ್ವಲ್ಪ ಕಾದು ನೋಡೋಣವೆಂದು ನಿಂತೆವು. ಸಂಜೆಯೊಳಗೆ ಹಿಂದಿನ ಹಳ್ಳವೂ ತುಂಬಿ ಹರಿದು ಆ ದಾರಿಯೂ ಮುಚ್ಚಿಹೋಯಿತು. ಕಾಯೋಣವೆಂದು ಹೇಳಿದವನು ನಾನೇ ಆದ್ದರಿಂದ ಇದರಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ. ಹೀಗೆ ವೇಳಾಪಟ್ಟಿಯಲ್ಲಿ ಹೆಸರೇ ಇಲ್ಲದ ಒಂದು ಊರಿನಲ್ಲಿ, ಒಂದು ಸಣ್ಣ ಪ್ರಾರ್ಥನಾಲಯದ ಬಾಗಿಲ ಮುಂದೆ ನಾವು ಹನ್ನೊಂದು ಮಂದಿ ಒದ್ದೆ ಬಟ್ಟೆಯಲ್ಲಿ ನಿಂತಿದ್ದೆವು.

ಆ ರಾತ್ರಿ ನಾನು ಪ್ರಾರ್ಥಿಸಿದೆ, ನಿಜ. ಆದರೆ ಈಗ ನೆನೆಸಿಕೊಂಡರೆ ಅದು ಪ್ರಾರ್ಥನೆಗಿಂತ ರಸ್ತೆ ದುರಸ್ತಿಗೆಂದು ಬರೆದ ಅರ್ಜಿಯಂತಿತ್ತು: ಇಷ್ಟು ಗಂಟೆಯೊಳಗೆ ದಾರಿ ತೆರೆಯಬೇಕು, ಇಲ್ಲವಾದರೆ ನಿನ್ನ ಕೆಲಸವೇ ಕೆಡುತ್ತದೆ ಎಂಬ ಧಾಟಿ. ಪಕ್ಕದಲ್ಲಿ ಕುಳಿತಿದ್ದವರೊಬ್ಬರು ‘ಇದರಲ್ಲೂ ದೇವರ ಯೋಜನೆ ಇರುತ್ತದೆ ಬ್ರದರ್’ ಎಂದಾಗ ನನಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಆ ಮಾತು ಸುಳ್ಳೆಂದಲ್ಲ; ಗಾಯವಾದವನಿಗೆ ಇನ್ನೂ ರಕ್ತ ನಿಂತಿರದಾಗಲೇ ಹೇಳಿದರೆ ಯಾವ ನಿಜವೂ ನಾಟುವುದಿಲ್ಲ.

ಅವರೇ ಮುಂದುವರಿದು ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯವನ್ನು ನೆನಪಿಸಿದರು. ಅಪೊಸ್ತಲ ಪೌಲನು ಆಸ್ಯ ಸೀಮೆಯಲ್ಲಿ ದೇವರ ವಾಕ್ಯವನ್ನು ಸಾರಬೇಕೆಂದಿದ್ದಾಗ ಪವಿತ್ರಾತ್ಮನು ತಡೆದನು. ಬಿಥೂನ್ಯಕ್ಕೆ ಹೋಗಲು ಯತ್ನಿಸಿದಾಗಲೂ ಅಪ್ಪಣೆಯಾಗಲಿಲ್ಲ. ಕೊನೆಗೆ ತ್ರೋವ ಪಟ್ಟಣದಲ್ಲಿ, ಬಂದು ನಮಗೆ ಸಹಾಯಮಾಡೆಂದು ಬೇಡುವ ಮಕೆದೋನ್ಯದವನೊಬ್ಬನ ದರ್ಶನವಾಯಿತು. ನಾವು ಈ ಕಥೆಯನ್ನು ಯಾವಾಗಲೂ ಅದರ ಕೊನೆಯ ಕಡೆಯಿಂದ ಹೇಳುತ್ತೇವೆ. ಮುಚ್ಚಿದ ಎರಡು ಬಾಗಿಲುಗಳಿಗೂ ಆ ದರ್ಶನಕ್ಕೂ ನಡುವೆ ಎಷ್ಟು ದಿನಗಳು ಕಳೆದವೆಂದು ಆ ಗ್ರಂಥ ಬರೆದ ಲೂಕನು ಹೇಳಿಲ್ಲ. ಆ ದಿನಗಳಲ್ಲಿ ಪೌಲ, ಸೀಲ, ತಿಮೊಥೆಯರು ಎಲ್ಲಿಗೆಂದು ಸರಿಯಾಗಿ ತಿಳಿಯದೆಯೇ ನಡೆದಿರಬೇಕು. ಮಿಷನರಿ ಅಡೋನಿರಾಮ್ ಜಡ್ಸನ್ ದಂಪತಿಯ ಕಥೆಯನ್ನೂ ನಾವು ಹೀಗೆಯೇ ಹೇಳಿಬಿಡುತ್ತೇವೆ. 1812ರಲ್ಲಿ ಅಮೆರಿಕದಿಂದ ಕಲ್ಕತ್ತೆಗೆ ಬಂದಿಳಿದ ಅವರಿಗೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಅಲ್ಲಿ ಉಳಿಯಲು ಬಿಡಲಿಲ್ಲ. ಅವರು ಮಾರಿಷಸ್‌ಗೆ ಹೋಗಿ, ಅಲ್ಲಿಂದ ಮದ್ರಾಸಿಗೆ ಬಂದು, ಅಲ್ಲಿಯೂ ನಿಲ್ಲಲಾಗದೆ ರಂಗೂನಿಗೆ ಹೊರಟಿದ್ದ ಹಡಗನ್ನು ಹತ್ತಿದರು. 1813ರ ಜುಲೈಯಲ್ಲಿ ಬರ್ಮಾದ ನೆಲವನ್ನು ಮುಟ್ಟಿದ ಜಡ್ಸನ್ 1834ರಲ್ಲಿ ಇಡೀ ಬೈಬಲಿನ ಬರ್ಮೀ ಅನುವಾದವನ್ನು ಮುಗಿಸಿದರು ಎಂದು ಹೇಳುವಾಗ, ಆ ಹಡಗಿನಲ್ಲಿ ಅವರ ಪತ್ನಿ ಆನ್ ಸತ್ತ ಮಗುವನ್ನು ಹೆತ್ತರೆಂಬುದನ್ನೂ, ರಂಗೂನಿನಲ್ಲಿ ಮೊದಲನೆಯ ವಿಶ್ವಾಸಿಗೆ ದೀಕ್ಷಾಸ್ನಾನವಾಗಲು ಆರು ವರ್ಷ ಹಿಡಿಯಿತೆಂಬುದನ್ನೂ ಎಷ್ಟು ಜನ ಸೇರಿಸಿ ಹೇಳುತ್ತಾರೆ? ಮುಂದೆ ಬರುವ 1834 ಆ ಹಡಗಿನಲ್ಲಿದ್ದವರಿಗೆ ಕಾಣುತ್ತಿರಲಿಲ್ಲ. ನಂಬಿಕೆ ಬೇಕಾಗುವುದು ಅಂಥ ಹೊತ್ತಿನಲ್ಲಿಯೇ ಎಂದು ನಾನು ಎಷ್ಟೋ ಸಲ ಪ್ರಸಂಗದಲ್ಲಿ ಹೇಳಿದ್ದೆ; ಒದ್ದೆ ಬಟ್ಟೆಯಲ್ಲಿ ಕುಳಿತು ಹೇಳಿರಲಿಲ್ಲ, ಅಷ್ಟೆ.

ಆ ಸಭೆಯ ಪಾಸ್ಟರು ಪಾರ್ಶ್ವವಾಯು ಬಡಿದು ಒಂದು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿಯೇ ಭಾನುವಾರದ ಆರಾಧನೆಯನ್ನೂ ಮನೆಯನ್ನೂ ನಡೆಸುತ್ತಿದ್ದರು. ಪಾಸ್ಟರಮ್ಮ ನಮ್ಮನ್ನು ಒಳಗೆ ಕರೆದರು, ಬೆಂಚುಗಳನ್ನು ಗೋಡೆಗೆ ಸರಿಸಿ ಮಲಗಲು ಜಾಗ ಮಾಡಿದರು, ಸೋರುವ ಕಡೆಗಳನ್ನು ಬೆರಳು ಮಾಡಿ ತೋರಿಸಿ ಅಲ್ಲಿ ತಲೆ ಇಡಬೇಡಿರೆಂದರು. ಒಂದು ಕಿಟಕಿಯ ಗಾಜು ಒಡೆದಿತ್ತು. ಗಾಳಿ ಬಂದಾಗಲೆಲ್ಲ ಎರಚಲು ಒಳಗೆ ಬಡಿಯುತ್ತಿತ್ತು. ಅವರ ಕಣ್ಣು ನನ್ನ ಕೈಯಲ್ಲಿದ್ದ ಲ್ಯಾಮಿನೇಷನ್ ಹಾಳೆಯ ಮೇಲೆ ಬಿತ್ತು. ‘ಅದು ಬೇಕಾ ತಮ್ಮಾ?’ ಎಂದರು. ನಾನು ಒಂದು ಕ್ಷಣ ಯೋಚಿಸಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಅವರು ಅದನ್ನು ಚೌಕಟ್ಟಿಗೆ ಒತ್ತಿ ನಾಲ್ಕು ಮೊಳೆ ಹೊಡೆದರು. ಅಳತೆ ಹೆಚ್ಚುಕಡಿಮೆ ಸರಿಹೋಯಿತು.

ಮರುದಿನ ಮಾಡಲು ಕೆಲಸವಿತ್ತು, ಆದರೆ ನಾವು ಕಲಿತು ಬಂದ ಕೆಲಸ ಯಾವುದೂ ಅಲ್ಲ. ಕೆಲವರು ಹೆಂಚು ಸರಿಪಡಿಸಿದರು, ಕೆಲವರು ಒಳಗೆ ನುಗ್ಗಿದ್ದ ಕೆಸರನ್ನು ಎತ್ತಿ ಹಾಕಿದರು. ನನ್ನ ಪಾಲಿಗೆ ಪಾಸ್ಟರನ್ನು ಮಗ್ಗುಲಿಗೆ ತಿರುಗಿಸಿ ಹಿಡಿಯುವ ಕೆಲಸ ಬಂತು. ಬೆನ್ನಿನಲ್ಲಿ ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಅವರನ್ನು ತಿರುಗಿಸಬೇಕಿತ್ತು. ರಾತ್ರಿಯೂ ಅಷ್ಟೇ, ಗಡಿಯಾರಕ್ಕೆ ಅಲಾರಂ ಇಟ್ಟುಕೊಂಡು ಆಕೆ ಒಬ್ಬರೇ ಅದನ್ನು ಮಾಡುತ್ತಿದ್ದರು. ಒಂದು ಕೈ ಭುಜದ ಹಿಂದೆ, ಇನ್ನೊಂದು ಸೊಂಟದ ಹಿಂದೆ, ಮಂಡಿ ಮಡಚಿ ನಿಧಾನಕ್ಕೆ ಎಳೆದುಕೊಳ್ಳಬೇಕೆಂದು ನನಗೆ ತೋರಿಸಿಕೊಟ್ಟರು. ಮೊದಲ ಸಲ ನಾನು ಅವಸರ ಮಾಡಿದೆ. ಆ ಮನುಷ್ಯನ ಬಾಯಿಂದ ಒಂದು ಸದ್ದು ಹೊರಟಿತು. ಆಮೇಲೆ ಅವಸರ ಮಾಡಲಿಲ್ಲ.

ಎರಡನೆಯ ರಾತ್ರಿ ಹೀಗೆ ತಿರುಗಿಸಿ ಮುಗಿಸಿ ಕುಳಿತಿದ್ದಾಗ ನಾನು ಅವರನ್ನು ಕೇಳಿಯೇಬಿಟ್ಟೆ: ‘ಅಮ್ಮಾ, ಸಹಾಯಕ್ಕೆ ಯಾರನ್ನಾದರೂ ಕಳುಹಿಸು ಎಂದು ಪ್ರಾರ್ಥಿಸಿದ್ದಿರಾ?’ ಯಾವ ಉತ್ತರವನ್ನು ನಿರೀಕ್ಷಿಸಿ ಕೇಳಿದೆನೆಂದು ಓದುಗರಿಗೆ ಗೊತ್ತಾಗಿರುತ್ತದೆ. ಹೌದೆಂದಿದ್ದರೆ ನನಗೆ ಒಂದು ಒಳ್ಳೆಯ ಸಾಕ್ಷಿ ಸಿಗುತ್ತಿತ್ತು. ಕಡಿದ ದಾರಿಗೂ ತುಂಬಿದ ಹಳ್ಳಕ್ಕೂ ಅರ್ಥ ಬರುತ್ತಿತ್ತು. ಆಕೆ ನಕ್ಕರು. ‘ಇಲ್ಲಪ್ಪಾ. ನಿಮ್ಮನ್ನು ಬಾಗಿಲಲ್ಲಿ ನೋಡಿದಾಗ, ಕರ್ತನೇ, ಇಷ್ಟು ಜನರನ್ನು ಎಲ್ಲಿ ಮಲಗಿಸಲಿ ಅಂತ ಪ್ರಾರ್ಥಿಸಿದೆ.’

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಎರಡು ದಿನಗಳಿಂದ ನಮಗೆ ಬಂದ ಅನಿರೀಕ್ಷಿತ ಬದಲಾವಣೆಯ ಬಗ್ಗೆಯೇ ಮರುಗುತ್ತಿದ್ದ ನನಗೆ, ಆ ಮನೆಗೆ ಬಂದ ಅನಿರೀಕ್ಷಿತ ಬದಲಾವಣೆ ನಾವೇ ಎಂಬುದು ಹೊಳೆದಿರಲಿಲ್ಲ. ಎರಡು ಗಂಟೆಗೊಮ್ಮೆ ಎದ್ದೇಳುವ ಹೆಂಗಸಿನ ಮನೆಗೆ ಹೇಳದೆ ಕೇಳದೆ ಹನ್ನೊಂದು ಮಂದಿ ನುಗ್ಗಿದ್ದೆವು. ಆಕೆ ದೇವರ ಯೋಜನೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ, ಬೆಂಚು ಸರಿಸಿದರು. ಪೌಲನ ಹಡಗು ಒಡೆದ ಕಥೆ ನನಗೆ ಆಗ ಬೇರೆಯೇ ರೀತಿಯಲ್ಲಿ ನೆನಪಾಯಿತು. ಆ ಹಡಗಿನಲ್ಲಿದ್ದವರು 276 ಮಂದಿ. ಪೌಲನು ರೋಮಾಪುರವನ್ನು ನೋಡಿ ಅಲ್ಲಿಂದ ಸ್ಪೇನಿಗೆ ಹೋಗಬೇಕೆಂದು ಮೊದಲೇ ಪತ್ರ ಬರೆದಿದ್ದವನು. ಈಗ ಸೆರೆಯಾಳಾಗಿ, ಸಮುದ್ರದಿಂದ ಮೆಲಿತೆ, ಅಂದರೆ ಇಂದಿನ ಮಾಲ್ಟಾ, ದ್ವೀಪದ ದಡಕ್ಕೆ ಬಂದು ಬಿದ್ದಿದ್ದ. ಮಳೆಯಲ್ಲಿ, ಚಳಿಯಲ್ಲಿ ಆ ದ್ವೀಪದವರು ಬೆಂಕಿ ಹೊತ್ತಿಸಿ ಎಲ್ಲರನ್ನೂ ಸೇರಿಸಿಕೊಂಡರು. ನಾನು ಅಲ್ಲಿಯವರೆಗೆ ಆ ಅಧ್ಯಾಯವನ್ನು ಓದಿದಾಗಲೆಲ್ಲ ಪೌಲನ ಕಡೆಯೇ ನಿಂತು ಓದಿದ್ದೆ. ಸೌದೆ ತಂದವರ ಕಡೆ ತಿರುಗಿಯೂ ನೋಡಿರಲಿಲ್ಲ.

ದಾರಿ ನಾಲ್ಕನೆಯ ದಿನ ತೆರೆಯಿತು, ಅದೂ ಹಿಂದಕ್ಕೆ ಮಾತ್ರ. ನಾವು ಹೋಗಬೇಕಿದ್ದ ಊರಿಗೆ ಇಂದಿಗೂ ಹೋಗಿಲ್ಲ. ಅಲ್ಲಿ ಮಕ್ಕಳು ಮೊದಲ ದಿನ ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೆ ಕಾದಿದ್ದರೆಂದು ಆಮೇಲೆ ತಿಳಿಯಿತು. ಇದಕ್ಕೆ ನನ್ನ ಹತ್ತಿರ ವಿವರಣೆಯಿಲ್ಲ. ಆ ಪಾಸ್ಟರ ಮನೆಯ ಮೂರು ರಾತ್ರಿಗಳನ್ನು ಆ ಮಕ್ಕಳು ಕಾದ ಬೆಳಗಿನ ಲೆಕ್ಕಕ್ಕೆ ಜಮಾ ಮಾಡಿ ಎಲ್ಲ ಸರಿಹೋಯಿತೆಂದು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ. ಅದನ್ನು ಹಾಗೆಯೇ ದೇವರ ಮುಂದೆ ಇಡುತ್ತೇನೆ. ಮೊದಲಾಗಿದ್ದರೆ ಕಾರಣ ಸಿಗುವವರೆಗೆ ಕೈಬಿಡುತ್ತಿರಲಿಲ್ಲ.

ಹೋದ ತಿಂಗಳು ಪಾಸ್ಟರಮ್ಮನಿಗೆ ಫೋನ್ ಮಾಡಿ, ಅತ್ತ ಕಡೆ ಮತ್ತೆ ಬರುವ ವಿಚಾರವಿದೆ, ಈ ಸಲ ಮೊದಲೇ ತಿಳಿಸುತ್ತಿದ್ದೇನೆ ಎಂದೆ. ಪಾಸ್ಟರು ಹಾಗೆಯೇ ಇದ್ದಾರಂತೆ. ಕಿಟಕಿಗೆ ಇನ್ನೂ ಗಾಜು ಹಾಕಿಸಿಲ್ಲವಂತೆ, ನನ್ನ ಹಾಳೆ ಗಟ್ಟಿಯಾಗಿ ನಿಂತಿದೆಯಂತೆ. ತಾರೀಖು ಹೇಳಲು ಹೊರಟೆ. ಆಕೆ ನಡುವೆಯೇ ತಡೆದು ಕೇಳಿದರು, ‘ಹನ್ನೊಂದೇ ಜನವೋ, ಇನ್ನೂ ಜಾಸ್ತಿಯೋ?’