ಬರ್ ಕೋಟೆಯ ಕನ್ನಡಿ
ಅಕ್ಟೋಬರ್ 31, 2024, ಗುರುವಾರ. ಡಬ್ಲಿನ್

ಐರ್ಲೆಂಡಿನ ಬರ್ ಊರಿಗೆ ಹೋಗಿ ಈಗಷ್ಟೇ ಮನೆ ಸೇರಿದೆವು. ಮಗಳಿಗೆ ಈ ವಾರ ಶಾಲೆಗೆ ರಜೆ, ಯಾವತ್ತು ಬೇಕಾದರೂ ಹೋಗಬಹುದಿತ್ತು. ನನಗೆ ಮಾತ್ರ ಇವತ್ತೇ ಹೋಗಬೇಕಿತ್ತು. ಅಲ್ಲಿನ ಕೋಟೆಯಲ್ಲಿ ದೈತ್ಯ ದೂರದರ್ಶಕ ಕಟ್ಟಿದ ವಿಲಿಯಂ ಪಾರ್ಸನ್ಸ್ 1867ರಲ್ಲಿ ಇದೇ ದಿನ ತೀರಿಕೊಂಡ. ಮೂರನೆಯ ರಾಸ್ ಅರ್ಲ್ ಎಂದು ಆತನ ದೊರೆ ಪದವಿ ಹೇಳಿದರೆ ಓದುಗರಲ್ಲಿ ಕೆಲವರಿಗೆ ಗುರುತು ಸಿಗಬಹುದು. ಎಷ್ಟೋ ವರ್ಷದಿಂದ ಈ ಮನುಷ್ಯನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಆತನ ಅಂಗಳದಲ್ಲಿ ಕಾಲಿಟ್ಟದ್ದು ಇವತ್ತೇ ಮೊದಲು.

ಕೋಟೆಯ ಬಯಲಿಗೆ ಬಂದರೆ ಮೊದಲು ಕಾಣುವುದು ಎರಡು ಕಲ್ಲಿನ ಗೋಡೆಗಳು, ಸುಮಾರು 50 ಅಡಿ ಎತ್ತರ. ಅವುಗಳ ನಡುವೆ ಸರಪಳಿಗಳಲ್ಲಿ ತೂಗಿಕೊಂಡಿರುವ ಮರದ ಕೊಳವೆ, 54 ಅಡಿ ಉದ್ದ. ಇದು ದೂರದರ್ಶಕ ಎಂದು ಯಾರಾದರೂ ಹೇಳಬೇಕು, ಇಲ್ಲದಿದ್ದರೆ ಹೊಳೆಯುವುದಿಲ್ಲ. ಇಂಗ್ಲೆಂಡಿನ ಈಲಿ ಚರ್ಚಿನ ಡೀನ್ ಜಾರ್ಜ್ ಪೀಕಾಕ್ ಬಿಚ್ಚಿದ ಕೊಡೆ ಹಿಡಿದುಕೊಂಡೇ ಈ ಕೊಳವೆಯೊಳಗೆ ನಡೆದು ಹೋಗಿದ್ದರಂತೆ. ಮಗಳಿಗೆ ಆ ಕತೆ ಹೇಳಿದೆ. ಜಿನುಗು ಮಳೆಯಲ್ಲಿ ಅವಳು ತನ್ನ ಕೊಡೆಯನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಕೊಳವೆಯ ಬಾಯಿಗೆ ಅಳತೆ ಇಟ್ಟು ನೋಡಿದಳು. "ಹೌದಪ್ಪಾ, ಹಿಡಿಸುತ್ತೆ" ಎಂದಳು.

ಪಾರ್ಸನ್ಸ್ ಹುಟ್ಟಿದ್ದು 1800ರಲ್ಲಿ. 1821ರಲ್ಲಿ, ಆಕ್ಸ್‌ಫರ್ಡಿನಲ್ಲಿ ಗಣಿತದ ಪದವಿ ಇನ್ನೂ ಕೈಗೆ ಬರುವ ಮೊದಲೇ, ಕಿಂಗ್ಸ್ ಕೌಂಟಿಯಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ. ಇವತ್ತು ನಾವು ಆಫಲಿ ಎನ್ನುವ ಜಿಲ್ಲೆಯೇ ಅದು. ಬರ್ ಊರಿಗೂ ಆಗ ಈ ಮನೆತನದ ಹೆಸರೇ, ಪಾರ್ಸನ್ಸ್‌ಟೌನ್. ಹದಿಮೂರು ವರ್ಷ ಸದಸ್ಯನಾಗಿದ್ದು 1834ರಲ್ಲಿ ಆ ಸ್ಥಾನ ಬಿಟ್ಟ. ಅಪ್ಪ ತೀರಿಕೊಂಡ ಮೇಲೆ ಅರ್ಲ್ ಆದ, 1845ರಲ್ಲಿ ಐರಿಶ್ ಪ್ರತಿನಿಧಿಯಾಗಿ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ಗೆ ಹೋದ. ರಾಜಕೀಯದ ಲೆಕ್ಕ ಇಷ್ಟೇ. ಮನಸ್ಸೆಲ್ಲ ಇದ್ದದ್ದು ಕುಲುಮೆಯ ಮುಂದೆ.

1842ರ ಏಪ್ರಿಲ್ 13ರ ರಾತ್ರಿ ಇದೇ ಕೋಟೆಯ ಆವರಣದಲ್ಲಿ ಈ ದೂರದರ್ಶಕಕ್ಕೆಂದು ಆರಡಿ ಅಗಲದ ಕನ್ನಡಿಯನ್ನು ಎರಕ ಹೊಯ್ದರು. ತಾಮ್ರ ಎರಡು ಪಾಲು, ತವರ ಒಂದು ಪಾಲು, ತೂಕ ಸುಮಾರು ಮೂರು ಟನ್. ದೇವಸ್ಥಾನದ ಗಂಟೆಯ ಕಂಚಿಗಿಂತ ಇದರಲ್ಲಿ ತವರ ಹೆಚ್ಚು. ಹಾಗಾಗಿ ಬೆಳ್ಳಿಯಂತೆ ಹೊಳೆಯುತ್ತದೆ, ಗಾಜಿನಂತೆ ಪೆಡಸಾಗಿರುತ್ತದೆ. ಬೇಗ ಆರಿಸಿದರೆ ಬಿರುಕು ಬಿಡುತ್ತದೆ. ಅದಕ್ಕೇ ಬಿಸಿ ಗೂಡಿನೊಳಗೆ ಹದಿನಾರು ವಾರ ಇಟ್ಟು ಮೆಲ್ಲಗೆ ತಣಿಸಿದರು. ಒಲೆಗೆ ಹಾಕಿದ್ದು ಜೌಗು ನೆಲದಿಂದ ಕಡಿದು ಒಣಗಿಸಿದ ಟರ್ಫ್. ಕೆಲಸ ಮಾಡಿದವರು ಸುತ್ತಮುತ್ತಲ ಜನ, ಈ ದೊರೆಯೇ ಕಲಿಸಿ ತಯಾರು ಮಾಡಿದವರು. ಆ ಹಳೆಯ ಕನ್ನಡಿಗಳಲ್ಲಿ ಒಂದು ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ. ಇಲ್ಲಿರುವುದು 1990ರ ದಶಕದಲ್ಲಿ ಕೂರಿಸಿದ ಅಲ್ಯೂಮಿನಿಯಂ ಕನ್ನಡಿ.

ಈ ಕತೆಯನ್ನು ಓದುವಾಗಲೆಲ್ಲ ನನ್ನ ಯೋಚನೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ಕನ್ನಡಿ ಎರಕ ಹೊಯ್ದ ಅದೇ 1842ರಲ್ಲಿ ಪಾರ್ಸನ್ಸ್ ಡಾಗೆರೋಟೈಪ್ ಎಂಬ, ತಗಡಿನ ಮೇಲೆ ಫೋಟೊ ಮೂಡಿಸುವ ವಿಧಾನದ ಪ್ರಯೋಗವನ್ನೂ ಶುರು ಮಾಡಿದ. ಡಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿ ಆಗಿನ್ನೂ ಮೂರು ವರ್ಷ. ಬೆಳಕನ್ನು ರಾಶಿ ಹಾಕುವ ಕನ್ನಡಿ ಒಂದು ಕೈಯಲ್ಲಿ, ಬೆಳಕನ್ನು ನಿಲ್ಲಿಸಿ ಇಟ್ಟುಕೊಳ್ಳುವ ತಗಡು ಇನ್ನೊಂದು ಕೈಯಲ್ಲಿ. ಎರಡನ್ನೂ ಸೇರಿಸಿಬಿಟ್ಟರೆ? ಆಗಲಿಲ್ಲ. ಈ ಕೊಳವೆ ಮೇಲೆ ಕೆಳಗೆ ಚೆನ್ನಾಗಿ ಆಡುತ್ತದೆ, ಗೋಡೆಗಳ ನಡುವೆ ಪಕ್ಕಕ್ಕೆ ತಿರುಗುವುದು ಸ್ವಲ್ಪವೇ. ನೋಡಬೇಕಾದದ್ದು ಎದುರಿಗೆ ಬರುವವರೆಗೆ ಕಾಯಬೇಕು, ಬಂದ ಮೇಲೆ ಹೆಚ್ಚೆಂದರೆ ಒಂದು ಗಂಟೆ ಹೊತ್ತು. ಅಷ್ಟರೊಳಗೆ, ಆಕಾಶದಲ್ಲಿ ಮಂಜಿನ ತೇಪೆಯಂತೆ ಕಾಣುವ ನಿಹಾರಿಕೆಯ ಮಂಕು ಬೆಳಕನ್ನು ಹಿಡಿಯುವ ಶಕ್ತಿ ಅಂದಿನ ತಗಡಿಗೂ ಕಾಗದಕ್ಕೂ ಇರಲಿಲ್ಲ.

ಹಾಗಾಗಿ ಉಳಿದದ್ದು ಪೆನ್ಸಿಲ್. 1845ರ ವಸಂತದಲ್ಲಿ, ಆಗ ನಿಹಾರಿಕೆ ಎಂದೇ ಎಣಿಸಿದ್ದ, ಇಂದು ಎಂ51 ಎನ್ನುವ ಗೆಲಾಕ್ಸಿಯಲ್ಲಿ ಸುರುಳಿ ಇದೆ ಎಂದು ಮೊಟ್ಟಮೊದಲು ಕಂಡದ್ದು ಈ ದೂರದರ್ಶಕದಲ್ಲಿ. ಕತ್ತಲಲ್ಲಿ ಏಣಿ ಹತ್ತಿ, ಗೋಡೆಯೆತ್ತರದ ಅಟ್ಟದಲ್ಲಿ ನಿಂತು, ಕಂಡದ್ದನ್ನು ಕೈಯಲ್ಲೇ ಬರೆದುಕೊಂಡ. ಆ ಜೂನ್‌ನಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಚಿತ್ರವನ್ನು ನೋಡಿದವರು ಬೆರಗಾದರು. ನಿಹಾರಿಕೆಯೊಂದು ಫೋಟೊದಲ್ಲಿ ಮೂಡಿದ್ದು 1880ರಲ್ಲಿ, ಅಮೆರಿಕದ ಹೆನ್ರಿ ಡ್ರೇಪರ್ ಕೈಯಲ್ಲಿ. ಪಾರ್ಸನ್ಸ್ ಸತ್ತು ಆಗ ಹದಿಮೂರು ವರ್ಷ. ಇದನ್ನು ನೆನೆದರೆ ನನಗೆ ನಿಜಕ್ಕೂ ಹೊಟ್ಟೆ ಕಿವಿಚಿದಂತಾಗುತ್ತದೆ.

ಕ್ಯಾಮೆರಾ ಮಾತ್ರ ಸುಮ್ಮನೆ ಕೂರಲಿಲ್ಲ. ಹೆಂಡತಿ ಮೇರಿ ಅದನ್ನು ಎತ್ತಿಕೊಂಡಳು. ಯಾರ್ಕ್‌ಶೈರ್‌ನ ಸಿರಿವಂತರ ಮನೆಯ ಮಗಳು, 1836ರಲ್ಲಿ ಮದುವೆಯಾಗಿ ಬಂದವಳು. ಕಬ್ಬಿಣದ ಕೆಲಸವೂ ಬಲ್ಲವಳು. ಆಕೆ ತಂದ ಹಣವಿಲ್ಲದೆ ಆ ಕನ್ನಡಿಯೂ ಇಲ್ಲ. 1854ರಲ್ಲಿ ಗಂಡ ಆಕೆ ತೆಗೆದ ಚಿತ್ರಗಳನ್ನು ಫಾಕ್ಸ್ ಟಾಲ್ಬಟ್‌ಗೆ ಕಳಿಸಿದ. ಕಾಗದದ ನೆಗೆಟಿವ್ ಕಂಡುಹಿಡಿದ ಆ ಟಾಲ್ಬಟ್ ಮೆಚ್ಚಿ ಉತ್ತರ ಬರೆದ. 1859ರಲ್ಲಿ ಐರ್ಲೆಂಡಿನ ಫೋಟೊಗ್ರಾಫಿಕ್ ಸೊಸೈಟಿ ಅತ್ಯುತ್ತಮ ಕಾಗದದ ನೆಗೆಟಿವ್‌ಗೆಂದು ಆಕೆಗೆ ಬೆಳ್ಳಿ ಪದಕ ಕೊಟ್ಟಿತು. ಕೋಟೆಯಲ್ಲಿದ್ದ ಆಕೆಯ ಡಾರ್ಕ್‌ರೂಮ್ ದಶಕಗಟ್ಟಲೆ ಮುಚ್ಚಿಯೇ ಇದ್ದು, ಕಳೆದ ಶತಮಾನದ ಕೊನೆಯ ಭಾಗದಲ್ಲಿ ಸೀಸೆ, ತಟ್ಟೆಗಳ ಸಮೇತ ಬೆಳಕಿಗೆ ಬಂತು. ಫೋಟೊ ಕಾಗದಕ್ಕೆ ಬಳಸುವ ಸಿಲ್ವರ್ ನೈಟ್ರೇಟ್ ತಾಗಿದ ಬೆರಳು ಎಷ್ಟು ಉಜ್ಜಿದರೂ ವಾರಗಟ್ಟಲೆ ಕಪ್ಪಾಗಿಯೇ ಇರುತ್ತದೆ. ನನಗೂ ಆ ಕಲೆ ಗೊತ್ತು. ಕೌಂಟೆಸ್ ಒಬ್ಬಳು ಅಂಥ ಬೆರಳುಗಳಲ್ಲೇ ಊಟಕ್ಕೆ ಕೂತಿರಬೇಕು ಎಂದು ಎಣಿಸಿದಾಗ ಆಕೆ ನನಗೆ ತುಂಬ ಹತ್ತಿರದವಳೆನಿಸುತ್ತಾಳೆ.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ. ಸುರುಳಿ ಕಂಡ ಅದೇ 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. ಕ್ಷಾಮದಲ್ಲಿ ಐರ್ಲೆಂಡಿನ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ದೂರದರ್ಶಕದ ಕೆಲಸ ನಿಂತಿತು. ಕೋಟೆಯ ಸುತ್ತ ಕಾಮಗಾರಿ ಎಬ್ಬಿಸಿ ಮೇರಿ ನೂರಾರು ಜನರಿಗೆ ಕೂಲಿ ಕೊಡಿಸಿದಳು. ಗಂಡ ಕೂಡ ಪರಿಹಾರಕ್ಕೆ ಹಣ ಕೊಟ್ಟ. ಆದರೆ ಆತ ಜಮೀನ್ದಾರ, ಯೋಚಿಸುತ್ತಿದ್ದುದೂ ಜಮೀನ್ದಾರನ ಹಾಗೆಯೇ. ಜನಸಂಖ್ಯೆ ಮಿತಿಮೀರಿದ್ದೇ ಸಂಕಟದ ಮೂಲ ಎಂದು ನಂಬಿದ್ದ. ಆ ವಾದ ನನಗೆ ಒಪ್ಪಿಗೆಯಿಲ್ಲ. ಟರ್ಫ್ ಕಡಿದು ಕುಲುಮೆಗೆ ತುಂಬಿದ ಕೈಗಳು ಯಾರವು ಎಂದು ಆ ಗೋಡೆಗಳ ಕೆಳಗೆ ನಿಂತಾಗ ಕೇಳಿಕೊಳ್ಳದೆ ಇರಲಾಗಲಿಲ್ಲ.

ಐದೂವರೆಗೆಲ್ಲ ಕತ್ತಲಾಯಿತು. ಹಿಂದಿರುಗುವ ದಾರಿಯಲ್ಲಿ ಹ್ಯಾಲೊವೀನ್ ವೇಷದ ಮಕ್ಕಳು ಬೀದಿ ಬೀದಿಯಲ್ಲಿ. ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿ ಮರೀಚಿ, ಅದರ ಪಕ್ಕದಲ್ಲೇ ಎಂ51. ಮಗಳಿಗೆ ಆ ಜಾಗವನ್ನಾದರೂ ಬೆರಳಿಟ್ಟು ತೋರಿಸಬೇಕೆಂದು ಹಿತ್ತಿಲಿಗೆ ಹೋದೆವು. ಉತ್ತರದಲ್ಲೆಲ್ಲ ಮೋಡ. ಅವಳು ಒಳಗೆ ಹೋಗಿ ಪೆನ್ಸಿಲ್ ಹಿಡಿದು, ಅಡಿಗೆ ಮನೆಯ ಮೇಜಿನ ಮೇಲೆ ಸುರುಳಿ ಬರೆಯುತ್ತ ಕೂತಿದ್ದಾಳೆ.